ಟ್ರೇಲರ್ ಡೈರಿ 9: ಅಗ್ಗದ ಪಾರ್ಕು, ಡಿಮ್ ಕರೆಂಟು, ಒಂದು ಹೇರ್ ಡ್ರೈಯರ್

ಕೊನೆಗೂ ನಮ್ಮ ಟ್ರೇಲರಿನ, ಅಂದ್ರೆ ಟ್ರಕ್ಕಿನ ಹಿಂದೆ ಎಳ್ಕೊಂಡು ಹೋಗುವ ಪುಟ್ಟ ಮನೆಯ, ಎಸಿ ಓಡಿತು. ಮಧ್ಯಾಹ್ನ ಮೂರೂ ಮುಕ್ಕಾಲು, ಹೊರಗೆ 36 ಡಿಗ್ರಿ, ಮೀಟರಿನಲ್ಲಿ 112 ವೋಲ್ಟ್ (ಅಮೆರಿಕದಲ್ಲಿ ಇರಬೇಕಾದ್ದು 120). ಈ ಒಂದು ಸಾಲು ಬರೆಯೋಕೆ ನಾಲ್ಕು ದಿನ ಹಿಡಿದಿದೆ. ಜೊತೆಗೆ ಬೇಡದ ಒಂದು ಕೆಪಾಸಿಟರ್ (ಎಸಿಯ ಮೋಟರ್ ತಿರುಗೋಕೆ ಬೇಕಾದ ಭಾಗ), ಸುಟ್ಟ ಒಂದು ಪ್ಲಗ್ಗು, ಅಪ್ಪಯ್ಯನ ಬೈಗುಳ ಬೇರೆ.

ಹೋದ ಸಲ ಬರೆದ ಛಾವಣಿ ಸೋರಿಕೆ ನಿಂತಿದೆ. ಅದರ ಬಗ್ಗೆ ಇನ್ನು ಮಾತಿಲ್ಲ. ಈ ಸಲ ಟ್ರೇಲರ್ ಎಳ್ಕೊಂಡು ಟೆಕ್ಸಾಸಿನ ಆಸ್ಟಿನ್‌ನಿಂದ ಕಡಲ ದಡದ ರಾಕ್‌ಪೋರ್ಟಿಗೆ ಹೊರಟೆವು. ಸುಮಾರು 200 ಮೈಲಿ. ಸೆಪ್ಟೆಂಬರ್ ಅಂದ್ರೆ ದೊಡ್ಡ ರೆಡ್‌ಫಿಶ್‌ಗಳು ಓಡಾಡೋಕೆ ಶುರುಮಾಡುವ ಕಾಲ. ಊರಿಂದ ಅಪ್ಪಯ್ಯ ಬಂದಿದ್ದಾರೆ. ಗಂಗೊಳ್ಳಿ ಅಳಿವೆಯಲ್ಲಿ ಗಾಳ ಹಾಕಿ ಬೆಳೆದವರು. ಅವರನ್ನು ಆಸ್ಟಿನ್ನಿನ ಮಾಲುಗಳಲ್ಲಿ ಸುತ್ತಿಸೋದಕ್ಕಿಂತ ಮೀನಿನ ಹತ್ತಿರ ಬಿಡೋದು ಎಲ್ಲರಿಗೂ ಒಳ್ಳೇದು.

ಅಗ್ಗದ ಜಾಗ ಅಂದ್ರೆ ಮೊದಲು ನೆನಪಾಗೋದು ಗೂಸ್ ಐಲೆಂಡ್ ಸ್ಟೇಟ್ ಪಾರ್ಕ್. ಅಲ್ಲಿ 1,620 ಅಡಿ ಉದ್ದದ ಪಿಯರ್ (ನೀರಿನೊಳಕ್ಕೆ ಚಾಚಿದ ಕಟ್ಟೆ) ಇದೆ. ಟೆಕ್ಸಾಸಿನ ಸ್ಟೇಟ್ ಪಾರ್ಕುಗಳಲ್ಲಿ ದಡದಿಂದಲೋ ಪಿಯರಿನಿಂದಲೋ ಗಾಳ ಹಾಕಿದರೆ ಲೈಸೆನ್ಸೇ ಬೇಡ. ಹೊರದೇಶದಿಂದ ಬಂದ ಅಪ್ಪಂದಿರಿಗೆ ಇದಕ್ಕಿಂತ ಒಳ್ಳೆ ಕಾನೂನು ಇನ್ನೊಂದಿಲ್ಲ. ತೊಂದರೆ ಏನಂದ್ರೆ ಬುಕಿಂಗ್ ಐದು ತಿಂಗಳ ಮುಂಚೆ ತೆರೆಯುತ್ತದೆ, ಮತ್ತು ನನಗೆ ನೆನಪಾಗೋದು ಐದು ದಿನ ಮುಂಚೆ. ಹಾಗಾಗಿ ಹಗಲು ಅಲ್ಲಿ ಮೀನು, ರಾತ್ರಿ ಟ್ರೇಲರ್ ನಿಲ್ಲಿಸೋಕೆ ಜಾಗ, ಕರೆಂಟು ಬಾಡಿಗೆಗೆ ಕೊಡುವ ಯಾವುದಾದರೂ ಖಾಸಗಿ ಪಾರ್ಕಿನಲ್ಲಿ ನಿದ್ದೆ ಅಂತ ತೀರ್ಮಾನವಾಯಿತು.

ಮೂರು ಪಾರ್ಕು ಪಟ್ಟಿಯಲ್ಲಿದ್ದವು. ಮೊದಲನೆಯದು ಒಳನಾಡಿನಲ್ಲಿ, ರಾತ್ರಿಗೆ 32 ಡಾಲರ್. ಕೇಳೋಕೆ ಚೆಂದ. ಆದರೆ ನೀರಿಗೆ ಹೋಗಿ ಬರೋಕೆ ದಿನಾ 50 ಮೈಲಿ, ನನ್ನ ಟ್ರಕ್ಕು ಗ್ಯಾಲನ್ನಿಗೆ 14 ಮೈಲಿ. ಉಳಿಸಿದ್ದೆಲ್ಲ ಪೆಟ್ರೋಲ್ ಬಂಕಿಗೆ. ಎರಡನೆಯದು ಮಸ್ಟಾಂಗ್ ದ್ವೀಪದ ಪೋರ್ಟ್ ಅರಾನ್ಸಾಸ್ ಊರಿನಲ್ಲಿ. ಗಾಡಿ ದಾಟಿಸುವ ಫೆರಿ ಪುಕ್ಕಟೆ, ಸರಿ. ಆದರೆ ವಾರಾಂತ್ಯದಲ್ಲಿ ಅದಕ್ಕೆ ಕಾಯೋ ಗಾಡಿಗಳ ಸಾಲು ಉದ್ದ. ಟ್ರೇಲರ್ ಕಟ್ಕೊಂಡು ಅದರಲ್ಲಿ ನಿಲ್ಲೋ ತಾಳ್ಮೆ ನನಗಿಲ್ಲ. ಮೂರನೆಯದು ರಾಕ್‌ಪೋರ್ಟ್ ಹತ್ತಿರ, ರಾತ್ರಿಗೆ 48, ವಾರಕ್ಕೆ 235. ಐದು ರಾತ್ರಿಯ ದುಡ್ಡಿಗಿಂತ ಇಡೀ ವಾರವೇ ಐದು ಡಾಲರ್ ಕಡಿಮೆ! ಮೀನು ಕೊಯ್ಯೋಕೆ ನಲ್ಲಿ ಇರುವ ಟೇಬಲ್ಲೂ ಇದೆ. ವಾರಕ್ಕೆ ಕಟ್ಟಿದೆ. ನೀರು ಕಾಣುವ ಸೈಟು ಬೇಕಾದರೆ ರಾತ್ರಿಗೆ ಆರು ಡಾಲರ್ ಜಾಸ್ತಿ ಅಂದರು. ಅಪ್ಪಯ್ಯನಿಗೆ ಕಡಲು ಕಾಣಲಿ ಅಂತ ಅದನ್ನೂ ಕಟ್ಟಿದೆ. ಈ ಆರು ಡಾಲರನ್ನು ನೆನಪಿಟ್ಟುಕೊಳ್ಳಿ.

ಮೊದಲ ದಿನ ಮಧ್ಯಾಹ್ನ ಎರಡೂವರೆಗೆ ಎಸಿ ನಿಂತಿತು. ಕೆಟ್ಟ ಕರೆಂಟಿನಿಂದ ಗಾಡಿಯನ್ನು ಕಾಯುವ ಸರ್ಜ್ ಪ್ರೊಟೆಕ್ಟರ್ ಕರೆಂಟ್ ಕಡಿಯಿತು, ಎರಡು ನಿಮಿಷ ಕಾದು ಮತ್ತೆ ಕೊಟ್ಟಿತು. ಕಂಪ್ರೆಸರ್ ಒಮ್ಮೆ ಹೂಂಕರಿಸಿತು, ಮತ್ತೆ ಕಡಿಯಿತು. ಹೀಗೇ ಸಂಜೆ ಏಳರವರೆಗೆ. ಆಮೇಲೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ರಾತ್ರಿಯಿಡೀ ಓಡಿತು.

ಇಲ್ಲಿ ನಾನು ದೊಡ್ಡ ದಡ್ಡತನ ಮಾಡಿದೆ. ಬಿಸಿಲಿದ್ದಾಗ ಕೆಡುತ್ತೆ, ತಂಪಾದಾಗ ಸರಿಹೋಗುತ್ತೆ ಅಂದ್ರೆ ಕೆಪಾಸಿಟರ್ ಸೋತಿದೆ ಅಂತ ನನಗೆ ನಾನೇ ತೀರ್ಪು ಕೊಟ್ಟೆ. ಮೀಟರ್ ಚೀಲದಲ್ಲೇ ಇತ್ತು. ತೆಗೆಯಲಿಲ್ಲ. ಜಾಸ್ತಿ ದುಡ್ಡು ಕೊಟ್ಟು ಮರುದಿನವೇ ಬರುವ ಹಾಗೆ ಆರ್ಡರ್ ಮಾಡಿದೆ. ಡಬ್ಬಿಯ ಮೇಲೆ ಡ್ಯುಯಲ್ (ಕಂಪ್ರೆಸರಿಗೂ ಫ್ಯಾನಿಗೂ ಒಂದೇ) ಅಂತ ಚೀಟಿ, ಒಳಗೆ ಸಿಂಗಲ್. ಮಾರಿದವರಿಗೆ ಫೋಟೋ ಕಳಿಸಿದರೆ, "ನಿಮ್ಮ ಅನುಭವ ನಮಗೆ ಮುಖ್ಯ" ಅಂತ ಉತ್ತರ. ನನಗೆ ಮುಖ್ಯ ಇದ್ದದ್ದು ಮೂರನೇ ಟರ್ಮಿನಲ್ಲು ಮಾರಾಯ್ರೆ! ಕೊನೆಗೆ ಪಕ್ಕದ ಊರಿನ ಅಂಗಡಿಯಲ್ಲಿ ಸರಿಯಾದ್ದು ಸಿಕ್ಕಿತು. ಛಾವಣಿ ಹತ್ತಿ, ಬೆನ್ನು ಹಪ್ಪಳದ ಹಾಗೆ ಸುಟ್ಟುಕೊಂಡು ಹಾಕಿದೆ. ಎರಡೂವರೆಗೆ ಸರಿಯಾಗಿ ಎಸಿ ಮತ್ತೆ ನಿಂತಿತು.

ಆಗ ಮೀಟರ್ ತೆಗೆದೆ. ಎಸಿ ಆಫ್ ಇದ್ದಾಗ 109. ಎಸಿ ಹಿಡಿದ ಕೂಡಲೇ 102. ನನ್ನ ಪ್ರೊಟೆಕ್ಟರ್ ಕಡಿಯೋದು 104ಕ್ಕೆ. ಅಂದ್ರೆ ಎಸಿ ಸರಿಯಾಗೇ ಇತ್ತು, ಪ್ರೊಟೆಕ್ಟರ್ ಅದರ ಜೀವ ಉಳಿಸ್ತಾ ಇತ್ತು, ನಾನು ಎರಡು ದಿನ ಅದನ್ನೇ ಬೈಯ್ತಾ ಇದ್ದೆ. ರಾತ್ರಿ ಹನ್ನೊಂದಕ್ಕೆ ಅಳೆದರೆ 118. ಇಡೀ ಪಾರ್ಕಿನ ಎಸಿಗಳು ಮಧ್ಯಾಹ್ನ ಒಟ್ಟಿಗೆ ಎಳೆಯುತ್ತವೆ, ರಾತ್ರಿ ಉಸಿರು ಬಿಡುತ್ತವೆ. ಅಷ್ಟೇ ಕತೆ.

ಅಪ್ಪಯ್ಯ ಕುರ್ಚಿ ಹಾಕ್ಕೊಂಡು ಇದನ್ನೆಲ್ಲ ನೋಡ್ತಾ ಇದ್ದರು. "ಎಂತ ಮಾರಾಯಾ, ಇದ್ ಡಿಮ್ ಕರೆಂಟ್ ಅಲ್ದಾ? ಒಂದ್ ಸ್ಟೆಬಿಲೈಸರ್ ತಂದ್ ಇಡುಕ್ ಆತಿಲ್ಯಾ?" ಅಂದರು.

ನನಗೆ ನಾಚಿಕೆಯಾಯಿತು. ಹುಟ್ಟಿದ್ದು ಸಂಜೆಯಾದರೆ ಬಲ್ಬು ಚಿಮಣಿ ದೀಪದಷ್ಟು ಉರಿಯುವ ಮನೆಯಲ್ಲಿ. ಫ್ರಿಜ್ಜಿನ ತಲೆ ಮೇಲೆ ಟಿಕ್ ಟಿಕ್ ಅನ್ನುವ ಪೆಟ್ಟಿಗೆ ನೋಡ್ತಾನೇ ಬೆಳೆದವನು. ಅಮೆರಿಕಕ್ಕೆ ಬಂದ ಮೇಲೆ ಡಿಮ್ ಕರೆಂಟ್ ಅನ್ನೋದೊಂದು ಇದೆ ಅಂತಲೇ ಮರೆತುಬಿಟ್ಟಿದ್ದೆ.

ಟ್ರೇಲರಿಗೂ ಸ್ಟೆಬಿಲೈಸರ್ ಸಿಗುತ್ತೆ. ಆಟೋಫಾರ್ಮರ್ ಅಂತ ಕರೀತಾರೆ. ವೋಲ್ಟೇಜ್ ಬಿದ್ದಾಗ ಶೇ 10ರಷ್ಟು ಎತ್ತಿ ಕೊಡುತ್ತೆ. ಬೆಲೆ ನೋಡಿದೆ, ಐನೂರು ಡಾಲರ್ ದಾಟಿತ್ತು. ಹತ್ತು ರಾತ್ರಿಯ ಬಾಡಿಗೆ! ಅಗ್ಗದ ಪಾರ್ಕಿನಲ್ಲಿ ಉಳಿಯೋಕೆ ಇಷ್ಟು ಸುರಿಯೋದಾದರೆ ಹೋಟೆಲಿಗೇ ಹೋಗಬಹುದಿತ್ತು. ಅದಲ್ಲದೆ ಆ ಪೆಟ್ಟಿಗೆ ಕರೆಂಟ್ ಹುಟ್ಟಿಸೋದಿಲ್ಲ. ವೋಲ್ಟೇಜ್ ಎತ್ತಿದಷ್ಟು ಆಂಪ್ಸ್ ಜಾಸ್ತಿ ಎಳೆಯುತ್ತೆ. 13 ಆಂಪ್ಸ್ ತಿನ್ನುವ ಎಸಿಗೆ ಪೆಡೆಸ್ಟಲ್ಲಿನಿಂದ (ಸೈಟಿನ ಕರೆಂಟ್ ಕಂಬ) ಹದಿನಾಲ್ಕೂ ಚಿಲ್ಲರೆ ಬೇಕು. ಅದೇ ಸಪೂರ ತಂತಿಯಲ್ಲಿ, ಅದೇ ಹಳೇ ಸಾಕೆಟ್ಟಿನಲ್ಲಿ. ಊರಲ್ಲೂ ಹೀಗೇ ಅಲ್ವಾ, ಎಲ್ಲರೂ ಸ್ಟೆಬಿಲೈಸರ್ ಇಟ್ಟ ಮೇಲೆ, ಇಲ್ಲದವನ ಮನೆ ಬಲ್ಬು ಇನ್ನೂ ಕೆಂಪಗಾಗುತ್ತಿತ್ತು.

ಸಾಕೆಟ್ ಅಂದ ಕೂಡಲೇ ತಲೆಗೆ ಹೊಳೆದು ಪ್ಲಗ್ ಎಳೆದು ನೋಡಿದೆ. ಮೂರು ಕಡ್ಡಿಯಲ್ಲಿ ಒಂದು ಕಂದು ಬಣ್ಣಕ್ಕೆ ತಿರುಗಿದೆ. ಬುಡದ ಪ್ಲಾಸ್ಟಿಕ್ ಕರಗಿ ತುಟಿಯ ಹಾಗೆ ಉಬ್ಬಿದೆ. ಮೂಸಿದರೆ ಸುಟ್ಟ ರಬ್ಬರ್ ವಾಸನೆ. ಪೆಡೆಸ್ಟಲ್ಲಿನ 30 ಆಂಪ್ಸ್ ಸಾಕೆಟ್ ಎಷ್ಟು ಸಡಿಲ ಅಂದ್ರೆ ಪ್ಲಗ್ಗು ಬೀಳುವ ಹಲ್ಲಿನ ಹಾಗೆ ಅಲುಗಾಡ್ತಿತ್ತು. ಉಪ್ಪು ಗಾಳಿಯಲ್ಲಿ ವರ್ಷಗಟ್ಟಲೆ ಹಾಕಿ ತೆಗೆದು ಅದರ ಹಿಡಿತವೇ ಹೋಗಿದೆ. ಪ್ಲಗ್ ಕತ್ತರಿಸಿ ಹೊಸದು ಹಾಕಿದೆ. ಎರಡು ವೋಲ್ಟ್ ವಾಪಸ್ ಬಂತು. 104. ಥರ್ಡ್ ಅಂಪೈರ್ ತೀರ್ಪಿಗೆ ಕಾಯೋ ಬ್ಯಾಟ್ಸ್‌ಮನ್ ಥರ, ಔಟೂ ಅಲ್ಲ, ನಾಟೌಟೂ ಅಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಆಫೀಸಿನಲ್ಲಿ ಸೈಟು ಬದಲಾಯಿಸಿ ಅಂತ ಕೇಳಿದೆ. ಖಾಲಿ ಇರೋದು ಯಾವುದಾದರೂ ತಗೊಳ್ಳಿ ಅಂದರು. ಯಾವುದು ಅಂತ ಸುಮ್ನೆ ಊಹಿಸೋದು ಬೇಡ ಅಂತ ಮಧ್ಯಾಹ್ನ ಮೂರರವರೆಗೆ ಕಾದು, ಮೀಟರು, ಅಡಾಪ್ಟರು, ಹೆಂಡತಿಯ 1,500 ವಾಟಿನ ಹೇರ್ ಡ್ರೈಯರು ಹಿಡಿದು ಹೊರಟೆ. ಎಸಿ ಎಳೆಯುವಷ್ಟೇ ಅದೂ ಎಳೆಯುತ್ತೆ. ಪೂರ್ತಿ ಬೋಳು ತಲೆಯವನೊಬ್ಬ ಉರಿಬಿಸಿಲಿನಲ್ಲಿ ಕಂಬದಿಂದ ಕಂಬಕ್ಕೆ ಹೇರ್ ಡ್ರೈಯರ್ ಸಿಕ್ಕಿಸ್ತಾ ಹೋಗ್ತಿದ್ದರೆ ಪಕ್ಕದವರು ಬಾಗಿಲು ಹಾಕಿಕೊಳ್ಳೋದು ಸಹಜ. ಒಬ್ಬ ಅಜ್ಜ ಮಾತ್ರ ಹತ್ತಿರ ಬಂದು ನೋಡಿ, "ಹಾರ್ವಿಗೆ ಮುಂಚಿನ ಸಾಲೋ, ಆಮೇಲಿನ ಸಾಲೋ ಅಂತ ಕೇಳು" ಅಂದರು. ಹಾರ್ವಿ ಅಂದ್ರೆ 2017ರ ಆಗಸ್ಟ್ 25ರಂದು ಈ ಊರಿಗೇ ಅಪ್ಪಳಿಸಿದ ಚಂಡಮಾರುತ. ಅದು ಕಿತ್ತೊಗೆದ ಸಾಲುಗಳಿಗೆ ಹೊಸ ವೈರಿಂಗ್ ಬಂದಿದೆ, ಉಳಿದ ಸಾಲುಗಳು ಹಳತರಲ್ಲೇ ಇವೆ. ನಮ್ಮದು ಉಳಿದ ಸಾಲು. ಅದೃಷ್ಟವಂತ ಸಾಲು ಅಂತ ಹೇಳಬಹುದು, ಎಸಿ ಹಾಕದಿದ್ದರೆ.

ಬರೆದುಕೊಂಡಿದ್ದು ಇಷ್ಟು. ನಮ್ಮ ಸಾಲಿನ ಕೊನೆ, ನೀರಿನ ಅಂಚು: 109, ಡ್ರೈಯರ್ ಹಾಕಿದರೆ 102. ಅದೇ ಸಾಲಿನ ನಡು: 112, ಹಾಕಿದರೆ 106. ಬಟ್ಟೆ ಒಗೆಯುವ ಕೋಣೆಯ ಹಿಂದೆ, ಟ್ರಾನ್ಸ್‌ಫಾರ್ಮರ್ ಪಕ್ಕ: 115, ಹಾಕಿದರೆ 111. ಅದೇ ಕಂಬದ 50 ಆಂಪ್ಸ್ ಸಾಕೆಟ್ಟಿಗೆ ಅಡಾಪ್ಟರ್ ಹಾಕಿ ಅಳೆದರೆ 116, ಡ್ರೈಯರ್ ಹಾಕಿದರೆ 113.

ಖಾಲಿ ಕಂಬದಲ್ಲಿ ತೋರಿಸುವ ಅಂಕಿಯನ್ನು ನಂಬಬೇಡಿ. ಲೋಡ್ ಹಾಕಿದಾಗ ಎಷ್ಟು ಬೀಳುತ್ತೆ ಅನ್ನೋದನ್ನ ನೋಡಿ. ಏಳು ಬಿದ್ದರೆ ತಂತಿಯಲ್ಲೋ ಸಾಕೆಟ್ಟಿನಲ್ಲೋ ಕಳ್ಳ ಕೂತಿದ್ದಾನೆ. ಮೂರು ಬಿದ್ದರೆ ಟ್ರೇಲರ್ ಇಳಿಸಿ. 50ರ ಸಾಕೆಟ್ಟಿಗೆ ದಪ್ಪ ತಂತಿ ಬಂದಿರುತ್ತೆ, ಜೊತೆಗೆ ಸಣ್ಣ ಟ್ರೇಲರಿನವರು ಮುಟ್ಟದೇ ಇರೋದರಿಂದ ಬಿಗಿಯಾಗಿಯೂ ಇರುತ್ತೆ. ನಮ್ಮ 30ರ ಗಾಡಿಗೆ ಸಿಗೋದು ಅದರ ಒಂದೇ ಲೈನು, ಆದರೆ ಅಷ್ಟು ಸಾಕು.

ಈಗ ಆ ಆರು ಡಾಲರ್. ಪಾರ್ಕಿನಲ್ಲಿ ಕಡಲು ಕಾಣುವ ಸೈಟುಗಳೆಲ್ಲ ಟ್ರಾನ್ಸ್‌ಫಾರ್ಮರಿಗೆ ದೂರ, ತಂತಿಯ ಕಟ್ಟಕಡೆ. ಒಳ್ಳೆ ಕರೆಂಟ್ ಇರೋದು ಕಸದ ಡಬ್ಬಿ ಪಕ್ಕ, ಯಾರಿಗೂ ಬೇಡದ ಜಾಗದಲ್ಲಿ. ನಾನು ಜಾಸ್ತಿ ದುಡ್ಡು ಕೊಟ್ಟು ಕೆಟ್ಟ ಕರೆಂಟ್ ಕೊಂಡಿದ್ದೆ. ಕಳೆದ ದಿನಗಳ ಆರಾರು ಡಾಲರ್ ವಾಪಸ್ ಕೇಳಿದೆ. ನಕ್ಕರು, ಕೊಡಲಿಲ್ಲ. ಸಿಗಡಿ ಸಿಪ್ಪೆಯ ವಾಸನೆಯ ನಡುವೆ ಟ್ರೇಲರ್ ನಿಲ್ಲಿಸಿದೆವು. ಎಸಿ 112ರಲ್ಲಿ ಬೆಣ್ಣೆಯ ಹಾಗೆ ಓಡಿತು.

ಇಷ್ಟಾದ ಮೇಲೆ ಕಂಬವೇ ಬೇಡ ಅನ್ನಿಸಿ ಪಾಡ್ರೆ ಐಲೆಂಡ್ ನ್ಯಾಷನಲ್ ಸೀಶೋರ್ ಲೆಕ್ಕ ಹಾಕಿದೆ. ಅಲ್ಲಿ ಮರಳಿನ ಮೇಲೇ ಟ್ರೇಲರ್ ನಿಲ್ಲಿಸಬಹುದು, ಮೊದಲ ಐದು ಮೈಲಿ ದಾಟಿದರೆ ಫೋರ್ ವೀಲ್ ಡ್ರೈವ್ ಗಾಡಿ ಬೇಕು. 100 ಆಂಪ್ ಅವರಿನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರೋದು 1.28 ಯೂನಿಟ್. ಎಸಿ ಒಂದು ರಾತ್ರಿಗೆ ಅರ್ಧ ಹೊತ್ತು ಓಡಿದರೂ ಆರು ಯೂನಿಟ್. ಅಂದ್ರೆ ಐದು ಬ್ಯಾಟರಿ. ಹೆಂಡತಿಗೆ ಹೇಳಿದೆ. ಅವಳು ಹೇರ್ ಡ್ರೈಯರ್ ಎಲ್ಲಿ ಅಂತ ಕೇಳಿದಳು. ಹಾಗಾಗಿ ಮುಂದಿನ ಪ್ರಾಜೆಕ್ಟ್: 200 ವಾಟ್ ಸೋಲಾರ್, ಒಂದು ಬ್ಯಾಟರಿ, ಒಂದು ಫ್ಯಾನು, ಫೆಬ್ರವರಿ ತಿಂಗಳು. ಪಿವಿಸಿ ಪೈಪಿನ ಗಾಳದ ಸ್ಟ್ಯಾಂಡು ಅದರ ಜೊತೆಗೆ.

ಹಾಂ, ಮೀನು. ಅಪ್ಪಯ್ಯನಿಗೆ ಪಿಯರಿನಲ್ಲಿ ಒಂದು ರೆಡ್‌ಫಿಶ್ ಸಿಕ್ಕಿತು. ಬಾಲ ಒತ್ತಿ ಹಿಡಿದು ಅಳೆದರೂ ಹತ್ತೊಂಬತ್ತೂವರೆ ಇಂಚು. ಇಟ್ಟುಕೊಳ್ಳೋಕೆ 20ರಿಂದ 28 ಇರಬೇಕು. ನೀರಿಗೆ ಬಿಟ್ಟಾಗ ಅವರ ಮುಖ ನೋಡೋಕಾಗಲಿಲ್ಲ. ಆಮೇಲೆ ಬಂದಿದ್ದೆಲ್ಲ ಹಾರ್ಡ್‌ಹೆಡ್ ಅನ್ನುವ ಮೀಸೆ ಮೀನು, ನಮ್ಮೂರ ಶೆಡೆಯ ಜಾತಿ. ಇಲ್ಲಿಯವರು ಮುಳ್ಳಿಗೆ ಹೆದರಿ ಬೈದು ಬಿಸಾಕ್ತಾರೆ. ಅಪ್ಪಯ್ಯ ಇಕ್ಕಳದಲ್ಲಿ ಮುಳ್ಳು ಮುರಿದು ನಾಲ್ಕನ್ನು ಬಕೆಟ್ಟಿಗೆ ಹಾಕಿದರು. ಸಂಜೆ ಕಸದ ಡಬ್ಬಿ ಪಕ್ಕದ ನಮ್ಮ ಸೈಟಿನಿಂದ ಹುಳಿ ಖಾರದ ವಾಸನೆ ಎದ್ದು, ಆ ಹಾರ್ವಿ ಅಜ್ಜ ತಟ್ಟೆ ಹಿಡ್ಕೊಂಡೇ ಬಂದರು.

ಊಟ ಮುಗಿಸಿ ಅಪ್ಪಯ್ಯ ಒಳಗೆ ಹೋಗಿ ಹತ್ತು ನಿಮಿಷ ಆಗಿರಬಹುದು. ನಾನು ಹೊರಗೆ ಕೂತು ಮೀಟರನ್ನೇ ನೋಡ್ತಾ ಇದ್ದೆ. ಕಿಟಕಿಯಿಂದ ಕೂಗಿದರು: "ಚಳಿ ಆತಿತ್ತ್ ಮಾರಾಯಾ, ಅದನ್ನ್ ಒಂಚೂರ್ ಬಂದ್ ಮಾಡ್."