ಐವತ್ತೆರಡು ಸುಳ್ಳು ಗೆಲುವುಗಳು

ಬೆಳಿಗ್ಗೆ ಏಳಕ್ಕೆ ಎದ್ದು ಕಂಪ್ಯೂಟರಿನ ಮುಂದೆ ಕುಳಿತಾಗ, 273ನೆಯ ಪ್ರಯತ್ನದಿಂದ 324ನೆಯದರವರೆಗೆ ಒಂದೂ ಬಿಡದೆ ‘ಹ್ಯಾಂಗ್’ ಎಂದು ದಾಖಲಾಗಿತ್ತು. ಹ್ಯಾಂಗ್ ಎಂದರೆ ನನ್ನ ಐಪಾಡ್ ನ್ಯಾನೊ ಯಾವುದಕ್ಕೂ ಓಗೊಡದೆ ಸ್ತಬ್ಧವಾಗಿ ನಿಂತುಬಿಡುವುದು. ನನ್ನ ಲೆಕ್ಕದಲ್ಲಿ ಅದೇ ಗೆಲುವು. ಹಿಂದಿನ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಯಂತ್ರವನ್ನು ಚಾಲೂ ಮಾಡಿ ಮಲಗುವಾಗ ಒಂದೇ ಒಂದು ಗೆಲುವು ಸಿಕ್ಕರೆ ಸಾಕೆಂದುಕೊಂಡಿದ್ದವನಿಗೆ ಐವತ್ತೆರಡು ಸಿಕ್ಕಿದ್ದವು. ಅನುಮಾನ ಬರಬೇಕಿತ್ತು, ಬರಲಿಲ್ಲ. ಹಲ್ಲುಜ್ಜುವುದನ್ನೂ ಮರೆತು ಸ್ನೇಹಿತನಿಗೆ ಸಂದೇಶ ಕಳಿಸಿದೆ.

ಆ ಐಪಾಡ್‌ನಲ್ಲಿ ನಾನೇ ಬರೆದ ಆದೇಶಗಳನ್ನು ಓಡಿಸಬೇಕೆಂದು ಹೊರಟಿದ್ದೆ. ಅದು ಹೊಸ ಸಂಶೋಧನೆಯೇನಲ್ಲ. ಹಾಡು ಕೇಳುವ ಪುಟ್ಟ ಸಾಧನಗಳಿಗೆ ಹವ್ಯಾಸಿಗಳೇ ಬರೆದ ಫರ್ಮ್‌ವೇರ್ (ಸಾಧನವನ್ನು ನಡೆಸುವ ಮೂಲ ಪ್ರೋಗ್ರಾಮ್) ಆದ ರಾಕ್‌ಬಾಕ್ಸ್, 2001ರಲ್ಲಿ ಆರ್ಕೋಸ್ ಪ್ಲೇಯರುಗಳಿಗಾಗಿ ಶುರುವಾಯಿತು. ಹಳೆಯ ಐಪಾಡ್‌ಗಳ ಮೇಲೂ ಅದು ಸಲೀಸಾಗಿ ಓಡಿತು. ಆದರೆ ಎರಡನೆಯ ಪೀಳಿಗೆಯ ಐಪಾಡ್ ನ್ಯಾನೊದಲ್ಲಿ ಫರ್ಮ್‌ವೇರ್ ಗೂಢಲಿಪಿಯಲ್ಲಿದ್ದುದರಿಂದ ಹೊರಗಿನವರ ಪ್ರೋಗ್ರಾಮಿಗೆ ಬಾಗಿಲು ಮುಚ್ಚಿತ್ತು. 2009ರಲ್ಲಿ ಆ ಬಾಗಿಲು ತೆರೆದದ್ದು ಅದರ ಟಿಪ್ಪಣಿ ಓದುವ ಸೌಲಭ್ಯದ ಮೂಲಕ: ಮಿತಿಮೀರಿ ಉದ್ದವಾದ ಕೊಂಡಿಯಿರುವ ಟಿಪ್ಪಣಿಯನ್ನು ತೆರೆದರೆ, ಆ ಪಠ್ಯ ತನಗೆ ಮೀಸಲಾದ ಜಾಗ ತುಂಬಿ ಉಕ್ಕಿ, ಪ್ರೊಸೆಸರ್ ಕೆಲಸ ಮುಗಿಸಿ ಹಿಂದಿರುಗಬೇಕಾದ ವಿಳಾಸವನ್ನೇ ಅಳಿಸಿ ಅಲ್ಲಿ ಕೂರುತ್ತದೆ. ನಾವು ಬರೆದ ವಿಳಾಸಕ್ಕೆ ಅದು ಜಿಗಿಯುತ್ತದೆ. ಈಗ ಇದಕ್ಕೆಲ್ಲ ಸಿದ್ಧ ದಾರಿಯಿದೆ. ಅದನ್ನು ಹಿಡಿದಿದ್ದರೆ ನನ್ನ ಕೆಲಸ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು. ಆ ವಿಳಾಸವನ್ನು ನಾನೇ ಹುಡುಕಬೇಕೆಂಬ ಹಟವೊಂದೇ ಅಡ್ಡಿಯಾಗಿತ್ತು.

ತೊಡಕೆಂದರೆ, ನಮ್ಮ ಟಿಪ್ಪಣಿ ಮೆಮೊರಿಯಲ್ಲಿ ಎಲ್ಲಿ ಹೋಗಿ ಕೂರುತ್ತದೆಂಬುದು ಹೊರಗಿನಿಂದ ಕಾಣುವುದಿಲ್ಲ. ಮೆಮೊರಿ 32 ಮೆಗಾಬೈಟ್. ಟಿಪ್ಪಣಿಯ ಗಾತ್ರ ಹೆಚ್ಚೆಂದರೆ 4 ಕಿಲೋಬೈಟ್. ಅದರ ಬಹುಭಾಗವನ್ನು ಏನೂ ಮಾಡದ ಆದೇಶಗಳಿಂದ ತುಂಬಿ, ಕೊನೆಯಲ್ಲಿ ತನಗೆ ತಾನೇ ಜಿಗಿಯುತ್ತಾ ಸುತ್ತುವ ಒಂದೇ ಒಂದು ಆದೇಶವನ್ನಿಟ್ಟರೆ, ಪ್ರೊಸೆಸರ್ ನಡುವೆ ಎಲ್ಲಿ ಬಿದ್ದರೂ ಜಾರಿಕೊಂಡು ಹೋಗಿ ಆ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. (ಸಾಮಾನ್ಯವಾಗಿ ಬಳಸುವ ‘ಏನೂ ಮಾಡದ’ ಆದೇಶದಲ್ಲಿ ಸೊನ್ನೆ ಬೈಟುಗಳಿರುತ್ತವೆ, ಸೊನ್ನೆ ಬಂದಲ್ಲಿಗೆ ಪಠ್ಯ ಮುಗಿಯಿತೆಂದು ಸಾಧನ ತಿಳಿಯುತ್ತದೆ, ಹಾಗಾಗಿ ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹ ಜಾಗಗಳಲ್ಲಿ (ರಿಜಿಸ್ಟರ್) r1 ಎಂಬುದನ್ನು ಅದಕ್ಕೇ ನಕಲಿಸುವ ಆದೇಶವನ್ನು ಬಳಸಿದೆ. ಇದೊಂದು ತಿಳಿಯಲು ನನಗೆ ಎರಡು ದಿನ ಹಿಡಿಯಿತು.) ಎರಡೆರಡು ಕಿಲೋಬೈಟಿನ ಹೆಜ್ಜೆಯಿಟ್ಟರೂ 16,384 ವಿಳಾಸಗಳಾಗುತ್ತವೆ. ಒಂದು ಪ್ರಯತ್ನಕ್ಕೆ 80 ಸೆಕೆಂಡ್ ಎಂದರೆ, ಊಟ ನಿದ್ದೆ ಬಿಟ್ಟು ಹದಿನೈದು ದಿನ ಗುಂಡಿ ಒತ್ತುತ್ತಾ ಕೂರಬೇಕು.

ಆದ್ದರಿಂದ ಒತ್ತುವ ಕೆಲಸವನ್ನು ಎರಡು ಸರ್ವೊ ಮೋಟರುಗಳಿಗೆ ವಹಿಸಿದೆ. ಅವುಗಳ ತೋಳಿನ ತುದಿಗೆ ಪೆನ್ಸಿಲ್ ಅಳಿಸುವ ರಬ್ಬರಿನ ತುಂಡುಗಳು. ಒಂದು ನಡುವಿನ ಗುಂಡಿಗೆ, ಇನ್ನೊಂದು ಮೆನು ಗುಂಡಿಗೆ. ಎರಡನ್ನೂ ಒಟ್ಟಿಗೆ ಕೆಲವು ಸೆಕೆಂಡ್ ಅದುಮಿ ಹಿಡಿದರೆ ಸಾಧನ ಮರುಚಾಲನೆಯಾಗುತ್ತದೆ. ಮೆನುವಿನಲ್ಲಿ ಸಾಗಲು ಬಳಸುವ ಚಕ್ರವನ್ನು ತಿರುಗಿಸುವುದು ಮಾತ್ರ ರಬ್ಬರಿನಿಂದ ಆಗದ ಕೆಲಸ, ಏಕೆಂದರೆ ಆ ಚಕ್ರ ಬೆರಳಿನ ಸ್ಪರ್ಶವನ್ನಷ್ಟೇ ಗುರುತಿಸುತ್ತದೆ. ಪುಣ್ಯಕ್ಕೆ, ವಸ್ತುಸಂಗ್ರಹಾಲಯಗಳ ಮಾರ್ಗದರ್ಶಿಯಂತೆ ಬರೀ ಟಿಪ್ಪಣಿಗಳನ್ನಷ್ಟೇ ತೋರಿಸುವ ಸ್ಥಿತಿಯೊಂದು ಐಪಾಡ್‌ನಲ್ಲಿದೆ. ಅದಕ್ಕೆ ಬದಲಿಸಿದ ಮೇಲೆ ಚಕ್ರದ ಗೊಡವೆಯೇ ಉಳಿಯಲಿಲ್ಲ. ಕಂಪ್ಯೂಟರು ಯುಎಸ್‌ಬಿ ಮೂಲಕ ಹೊಸ ಟಿಪ್ಪಣಿ ಬರೆದು ಕೈಬಿಟ್ಟೊಡನೆ ಮೋಟರು ಟಿಕ್ ಎಂದು ಗುಂಡಿ ಒತ್ತುತ್ತಿತ್ತು.

ಒತ್ತುವುದಕ್ಕಿಂತ ನೋಡುವುದು ಕಷ್ಟ. ಒಳಗೇನಾಯಿತೆಂದು ಸಾಧನ ಬಾಯಿಬಿಟ್ಟು ಹೇಳುವುದಿಲ್ಲ. ನಾಲ್ಕನೆಯ ಪೀಳಿಗೆಯ ಐಪಾಡ್‌ನ ಬೂಟ್ ಕೋಡನ್ನು (ಚಾಲೂ ಆಗುವಾಗ ಮೊದಲು ಓಡುವ ಪ್ರೋಗ್ರಾಮ್) ಪಡೆಯಲು ಹವ್ಯಾಸಿಯೊಬ್ಬ ಅದರ ಪುಟ್ಟ ಪೀಜೊ ಸ್ಪೀಕರಿನಿಂದ ಬೈಟುಗಳನ್ನೇ ಟಿಕ್ ಟಿಕ್ ಸದ್ದಾಗಿ ಹೊರಡಿಸಿ, ಗಂಟೆಗಟ್ಟಲೆ ರೆಕಾರ್ಡ್ ಮಾಡಿಕೊಂಡು ಮತ್ತೆ ಜೋಡಿಸಿದ್ದನ್ನು ಓದಿದ್ದೆ. ನನಗೆ ಅಷ್ಟು ಬೇಕಿರಲಿಲ್ಲ. ಪರದೆಯ ಎದುರಿಗೆ ಒಂದು ಬೆಳಕಿನ ಸೆನ್ಸರ್ ಇಟ್ಟೆ. ವಿಳಾಸ ತಪ್ಪಿದರೆ ಸಾಧನ ಕ್ರ್ಯಾಶ್ ಆಗಿ, ಪರದೆ ಒಮ್ಮೆ ಕಪ್ಪಾಗಿ ಮತ್ತೆ ಚಾಲೂ ಆಗುತ್ತದೆ. ಏನೂ ಆಗದಿದ್ದರೆ ಹತ್ತು ಸೆಕೆಂಡಿಗೆ ಹಿಂಬೆಳಕು ತಾನಾಗಿ ಆರುತ್ತದೆ. ನಮ್ಮ ಸುಳಿಗೆ ಸಿಕ್ಕರೆ ಮಾತ್ರ, ಬೆಳಕನ್ನು ಆರಿಸಬೇಕಾದ ಪ್ರೋಗ್ರಾಮೇ ನಿಂತುಹೋಗಿರುವುದರಿಂದ ಪರದೆ ಬೆಳಗುತ್ತಲೇ ಇರುತ್ತದೆ. ಕತ್ತಲಾದರೆ ಸೋಲು, ಆಗದಿದ್ದರೆ ಗೆಲುವು. ಇದಕ್ಕಿಂತ ಸರಳವಾದ ತೀರ್ಪು ಸಾಧ್ಯವಿಲ್ಲವೆಂದು ಬೀಗಿದ್ದೆ.

ಸ್ನೇಹಿತನಿಂದ ಉತ್ತರ ಬಂತು: “ಮೊದಲನೆಯ ಗೆಲುವು ಎಷ್ಟು ಹೊತ್ತಿಗೆ?” ದಾಖಲೆ ನೋಡಿದೆ. ಐದೂ ಐವತ್ತು. “ನಿನ್ನ ಕಿಟಕಿ ಯಾವ ದಿಕ್ಕಿಗಿದೆ?”

ಕಿಟಕಿ ಪೂರ್ವಕ್ಕಿತ್ತು. ಪರದೆ ಕಪ್ಪಾಗಿದ್ದರೂ ಸೆನ್ಸರಿಗೆ ಬೆಳಕಿನ ಕೊರತೆಯಾಗಿರಲಿಲ್ಲ. ನನ್ನ ಯಂತ್ರ ಐವತ್ತೆರಡು ಸಲ ಬಹಳ ನಿಷ್ಠೆಯಿಂದ ದಾಖಲಿಸಿದ್ದು ಸೂರ್ಯೋದಯವನ್ನು. ಅದನ್ನು ಬೈಯುವಂತೆಯೂ ಇರಲಿಲ್ಲ. ಕೇಳಿದ ಪ್ರಶ್ನೆಗೆ ಅದು ಸರಿಯಾಗಿಯೇ ಉತ್ತರಿಸಿತ್ತು.

ಆ ದಿನವೆಲ್ಲ ತಿದ್ದುವುದರಲ್ಲೇ ಕಳೆಯಿತು. ಇಡೀ ಜೋಡಣೆಯ ಮೇಲೆ ರಟ್ಟಿನ ಪೆಟ್ಟಿಗೆ ಬೋರಲು ಹಾಕಿದೆ. ಕ್ರ್ಯಾಶ್ ಆದ ಸಾಧನ ಮರುಚಾಲನೆಯಾದೊಡನೆ ಯುಎಸ್‌ಬಿಯಲ್ಲಿ ಮತ್ತೆ ಡಿಸ್ಕಾಗಿ ಕಾಣಿಸಿಕೊಳ್ಳುವುದರಿಂದ, ಅದನ್ನು ಎರಡನೆಯ ಸಾಕ್ಷಿಯಾಗಿ ಸೇರಿಸಿದೆ: ಪರದೆ ಬೆಳಗುತ್ತಿರಬೇಕು, ಡಿಸ್ಕೂ ಕಾಣಬಾರದು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು, ಪ್ರತಿ ಇಪ್ಪತ್ತನೆಯ ಸರದಿಯಲ್ಲಿ ಏನೂ ದೋಷವಿಲ್ಲದ ಸಾದಾ ಟಿಪ್ಪಣಿಯೊಂದನ್ನು ತೂರಿಸಿದ್ದು. ಅದೂ ‘ಗೆದ್ದರೆ’ ಯಂತ್ರ ಅಲ್ಲಿಯೇ ನಿಲ್ಲಬೇಕು. ಹಾಗೆ ಒಮ್ಮೆ ನಿಂತಿತು ಕೂಡ. ಸೆನ್ಸರಿನ ತಂತಿ ಕಳಚಿಕೊಂಡಿತ್ತು.

ಮೂರನೆಯ ರಾತ್ರಿ, 611ನೆಯ ಪ್ರಯತ್ನದಲ್ಲಿ ಎರಡೂ ಸಾಕ್ಷಿಗಳು ಒಂದೇ ಮಾತು ಹೇಳಿದವು. ಈ ಸಲ ಯಾರಿಗೂ ಸಂದೇಶ ಕಳಿಸಲಿಲ್ಲ. ಪೆಟ್ಟಿಗೆ ಎತ್ತಿ ಕಣ್ಣಾರೆ ನೋಡಿದೆ: ಪರದೆ ಬೆಳಗುತ್ತಿತ್ತು, ಯಾವ ಗುಂಡಿಗೂ ಓಗೊಡಲಿಲ್ಲ. ಅದೇ ವಿಳಾಸವನ್ನು ಹತ್ತು ಸಲ ಕೊಟ್ಟೆ, ಹತ್ತು ಸಲವೂ ಹ್ಯಾಂಗ್. ಕೊನೆಗೆ ಟಿಪ್ಪಣಿಯ ತುದಿಯಲ್ಲಿ ಸುತ್ತುವ ಆದೇಶದ ನಾಲ್ಕು ಬೈಟುಗಳನ್ನಷ್ಟೇ ಅಳಿಸಿ, ಅಲ್ಲಿ ಅರ್ಥವಿಲ್ಲದ ನಾಲ್ಕು ಬೈಟು ಬರೆದು, ಉಳಿದದ್ದನ್ನು ಹಾಗೆಯೇ ಬಿಟ್ಟು ಗುಂಡಿಯನ್ನು ನನ್ನ ಬೆರಳಿನಿಂದಲೇ ಒತ್ತಿದೆ. ಪರದೆ ಕಪ್ಪಾಯಿತು, ಮರುಚಾಲನೆಯ ಆಪಲ್ ಲಾಂಛನ ಮೂಡಿತು. ಅಂದರೆ ಸಾಧನ ಓಡಿಸುತ್ತಿದ್ದುದು ನಾನು ಬರೆದ ಬೈಟುಗಳನ್ನೇ. ಮೂರು ರಾತ್ರಿ ಸೋಲೆಂದು ಎಣಿಸುತ್ತಾ ಬಂದಿದ್ದ ಆ ಲಾಂಛನವನ್ನು ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.