ಐ20ಯೋ, ಎನ್ ಲೈನೋ: ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಮಾಡಿದ ಆಯ್ಕೆ

ಹ್ಯುಂಡೈ ಐ20 ಕೊಳ್ಳುವುದೆಂದು ನಮ್ಮ ಮನೆಯಲ್ಲಿ ಬೇಗನೆ ತೀರ್ಮಾನವಾಯಿತು. ಸಾಮಾನ್ಯ ಐ20 ಸಾಕೋ, ಟರ್ಬೊ ಎಂಜಿನ್ ಇರುವ ಅದರ ಎನ್ ಲೈನ್ ಎಂಬ ಮಾದರಿ ಬೇಕೋ ಎಂಬ ಪ್ರಶ್ನೆ ಮಾತ್ರ ಎರಡು ತಿಂಗಳು ಎಳೆಯಿತು. ನಮ್ಮ ಮನೆ ಹಿರಿಯಡ್ಕದಿಂದ ಸ್ವಲ್ಪ ಒಳಗಿದೆ. ವಾರಕ್ಕೆರಡು ಸಲ ನಾನು ಮಂಗಳೂರಿಗೆ ಹೋಗಿ ಬರಬೇಕು. ತಿಂಗಳಿಗೊಮ್ಮೆ ಅಮ್ಮನನ್ನು ಕರೆದುಕೊಂಡು ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗಬೇಕು. ಹೆದ್ದಾರಿ, ಘಾಟಿ, ಮನೆಯ ಮುಂದಿನ ಮುರಕಲ್ಲಿನ ಏರು, ಈ ಮೂರಕ್ಕೂ ಒಗ್ಗುವ ಕಾರು ಯಾವುದು ಎಂಬುದಷ್ಟೇ ನನಗೆ ಮುಖ್ಯವಾಗಿತ್ತು.

ಸಾಮಾನ್ಯ ಐ20ಯಲ್ಲಿ ಇರುವುದು ನಾಲ್ಕು ಸಿಲಿಂಡರಿನ 1.2 ಲೀಟರ್ ಪೆಟ್ರೋಲ್ ಎಂಜಿನ್. ಮ್ಯಾನ್ಯುವಲ್ ಗೇರಿನ ಕಾರಿನಲ್ಲಿ 83 ಪಿಎಸ್ ಶಕ್ತಿ, ಸುಮಾರು 115 ಎನ್‌ಎಂ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. ಎನ್ ಲೈನ್‌ನಲ್ಲಿ ಮೂರು ಸಿಲಿಂಡರಿನ 1.0 ಲೀಟರ್ ಟರ್ಬೊ. 120 ಪಿಎಸ್, 172 ಎನ್‌ಎಂ. ಶೋರೂಮಿನಲ್ಲಿ 83ಕ್ಕೂ 120ಕ್ಕೂ ಇರುವ ಅಂತರವನ್ನೇ ಒತ್ತಿ ಹೇಳುತ್ತಾರೆ. ಆದರೆ ಆ ಪೂರ್ಣ ಶಕ್ತಿ ಸಿಗುವುದು 6,000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ), ಮತ್ತು ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸುಗಳ ನಡುವೆ ಹೋಗುವವನಿಗೆ ಎಂಜಿನ್ನನ್ನು ಅಷ್ಟು ತಿರುಗಿಸುವ ಪ್ರಸಂಗವೇ ಬರುವುದಿಲ್ಲ. ಗಮನಿಸಬೇಕಾದದ್ದು ಟಾರ್ಕ್ ಯಾವಾಗ ಕೈಗೆ ಸಿಗುತ್ತದೆ ಎಂಬುದನ್ನು. 1.2ರಲ್ಲಿ ಅದು 4,200 ಆರ್‌ಪಿಎಂ ಮುಟ್ಟಿದಾಗ ಪೂರ್ತಿ ಸಿಗುತ್ತದೆ. ಟರ್ಬೊದಲ್ಲಿ 1,500ರಿಂದ 4,000ದವರೆಗೂ ಒಂದೇ ಸಮನೆ ಇರುತ್ತದೆ.

ಈ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿದದ್ದು ಘಾಟಿಯಲ್ಲಿ. ಭಾವನ ಬಳಿ ಸಾಮಾನ್ಯ ಐ20 ಇದೆ, ಅದನ್ನು ನಾನು ಹಲವು ಬಾರಿ ಓಡಿಸಿದ್ದೇನೆ. ಸಹೋದ್ಯೋಗಿಯೊಬ್ಬರು ತಮ್ಮ ಎನ್ ಲೈನ್ ಅನ್ನು ಒಂದು ವಾರಾಂತ್ಯದ ಮಟ್ಟಿಗೆ ಕೊಟ್ಟರು. ಘಾಟಿಯ ಬುಡದ ಸೋಮೇಶ್ವರದಿಂದ ಮೇಲಕ್ಕೆ 14 ಹಿಮ್ಮುರಿ ತಿರುವುಗಳಿವೆ. ಮೇಲಿನಿಂದ ಬಸ್ಸು ಇಳಿಯುತ್ತಿದ್ದರೆ ನಾನು ತಿರುವಿಗೆ ಮುಂಚೆಯೇ ನಿಂತು ದಾರಿ ಬಿಡುತ್ತೇನೆ. ನಿಂತ ಮೇಲೆ ಆ ಇಳಿಜಾರಿನಲ್ಲೇ ಮತ್ತೆ ಹೊರಡಬೇಕು. ಮೂವರು ಕುಳಿತು ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲವಿದ್ದಾಗ ಭಾವನ ಕಾರು ಫಸ್ಟ್ ಗೇರಿನಲ್ಲಿ ಕೂಗಿಕೊಂಡು ಹತ್ತುತ್ತದೆ, ಸೆಕೆಂಡ್ ಗೇರಿಗೆ ಹಾಕಿದರೆ ಬಸವಳಿದು ಮತ್ತೆ ಫಸ್ಟನ್ನೇ ಕೇಳುತ್ತದೆ. ಅದೇ ಜಾಗದಲ್ಲಿ ಟರ್ಬೊ ಸೆಕೆಂಡ್ ಗೇರಿನಲ್ಲಿ, 2,000 ಆರ್‌ಪಿಎಂ ಒಳಗೆ, ಆಯಾಸವಿಲ್ಲದೆ ತಿರುವು ದಾಟಿತು. ನಾನು ವೇಗವಾಗಿ ಹೋಗಲಿಲ್ಲ, ಹೋಗಬೇಕಾದ ರಸ್ತೆಯೂ ಅದಲ್ಲ. ಕ್ಲಚ್ ಕಾಲಿಗೆ ವಿಶ್ರಾಂತಿ ಸಿಕ್ಕಿತು, ಕಣ್ಣು ರಸ್ತೆಯ ಮೇಲೆಯೇ ಇತ್ತು. ಈ ಕಾರಿಗೆ ಹೆಚ್ಚು ಹಣ ಕೊಡಲು ನನ್ನ ಮಟ್ಟಿಗೆ ಇದೇ ಮೊದಲ ಕಾರಣ.

ಇಳಿಯುವಾಗಿನ ಲೆಕ್ಕ ಬೇರೆ. ಎನ್ ಲೈನ್‌ಗೆ ಹಿಂದಿನ ಚಕ್ರಗಳಲ್ಲೂ ಡಿಸ್ಕ್ ಬ್ರೇಕ್ ಇದೆ, ಸಾಮಾನ್ಯ ಕಾರಿನಲ್ಲಿ ಡ್ರಮ್. ಇದು ಒಳ್ಳೆಯದೇ ಆದರೂ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಕೆಲಸ ಮಾಡುವುದು ಮುಂದಿನ ಬ್ರೇಕುಗಳೇ, ಮತ್ತು ಅಲ್ಲಿ ಎರಡೂ ಕಾರುಗಳಲ್ಲಿ ಡಿಸ್ಕ್ ಇದೆ. ಇನ್ನೊಂದು ಕಡೆ, ಗೇರಿನಲ್ಲಿ ಹಿಡಿದು ಇಳಿಸುವಾಗ ಭಾವನ ಕಾರಿನ ಎಂಜಿನ್ ಕೊಡುವ ತಡೆ ಈ ಸಣ್ಣ ಟರ್ಬೊದಲ್ಲಿ ನನಗೆ ಸಿಗಲಿಲ್ಲ. ಒಂದು ಗೇರು ಕೆಳಗೇ ಇಟ್ಟುಕೊಂಡು ಇಳಿಯಬೇಕಾಯಿತು.

ಅಮ್ಮ ಹಿಂದೆ ಕುಳಿತಿದ್ದರು. ಪೆರ್ಡೂರು ದಾಟಿ ಹೆಬ್ರಿ ಮುಟ್ಟುವಷ್ಟರಲ್ಲಿ ಅವರ ಬಲಗೈ ಬಾಗಿಲ ಮೇಲಿನ ಹಿಡಿಯನ್ನು ಬಿಟ್ಟಿರಲಿಲ್ಲ. "ಭಾವನ ಕಾರಿನಲ್ಲಿ ಇಷ್ಟು ಕುಲುಕುವುದಿಲ್ಲ ಅಲ್ವಾ ಮಗಾ" ಎಂದರು. ಅವರು ಹೇಳಿದ್ದು ನಿಜ. ಎನ್ ಲೈನ್‌ನ ಸಸ್ಪೆನ್ಷನ್ ಬಿಗಿಯಾಗಿದೆ. ಹೆದ್ದಾರಿಯಲ್ಲಿ ಕಾರು ನೆಲ ಕಚ್ಚಿ ಹೋಗಲು ನೆರವಾಗುವ ಅದೇ ಬಿಗಿ, ಸಣ್ಣ ಹೊಂಡ ಮತ್ತು ಹಂಪುಗಳಲ್ಲಿ ಹಿಂದೆ ಕುಳಿತವರ ಸೊಂಟಕ್ಕೆ ತಾಗುತ್ತದೆ. ಇಲ್ಲಿಗೆ ಎನ್ ಲೈನ್ ಆಸೆ ಬಿಡಬೇಕಾಗಬಹುದೆಂದು ನನಗೆ ಬೇಸರವಾಗಿತ್ತು. ಮರುದಿನ ಬೆಳಿಗ್ಗೆ ಅಕ್ಕನ ಅಂಗಳದಲ್ಲಿ ಟೈರ್ ತಣ್ಣಗಿರುವಾಗ ಗಾಳಿ ಅಳೆದು ನೋಡಿದೆ. ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಬರೆದದ್ದಕ್ಕಿಂತ ನಾಲ್ಕೂ ಟೈರುಗಳಲ್ಲಿ ಹೆಚ್ಚು ಗಾಳಿಯಿತ್ತು. ಸ್ಟಿಕ್ಕರಿನ ಮಟ್ಟಕ್ಕೆ ಇಳಿಸಿ, ಬರುವಾಗ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಹೆಬ್ರಿಗೆ ಬರುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಬಿಗಿ ಪೂರ್ತಿ ಹೋಗಿರಲಿಲ್ಲ, ಸಹಿಸುವಷ್ಟಾಗಿತ್ತು.

ಇನ್ನು ಹಣದ ಮಾತು. 2023ರ ಸೆಪ್ಟೆಂಬರಿನಲ್ಲಿ ಹೊಸ ರೂಪದಲ್ಲಿ ಬಂದಾಗ ಸಾಮಾನ್ಯ ಐ20ಯ ಆರಂಭಿಕ ಎಕ್ಸ್‌ಶೋರೂಮ್ ಬೆಲೆ 6.99 ಲಕ್ಷ, ಎನ್ ಲೈನ್‌ನದು 9.99 ಲಕ್ಷ ರೂಪಾಯಿ ಇತ್ತು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಇಳಿಕೆಯ ಲಾಭ ಎರಡಕ್ಕೂ ಸಿಕ್ಕಿದೆ. ನಮ್ಮ ರಾಜ್ಯದಲ್ಲಿ 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ. 14, ಅದನ್ನು ದಾಟಿದರೆ 20 ಲಕ್ಷದವರೆಗೆ ಶೇ. 17 ರಸ್ತೆ ತೆರಿಗೆ, ಮೇಲೆ ಸೆಸ್ಸು. ಆದ್ದರಿಂದ ಎನ್ ಲೈನ್‌ನಲ್ಲೂ ಆ ಗೆರೆ ದಾಟದ ಕೆಳಗಿನ ವೇರಿಯಂಟನ್ನೇ ನೋಡಿದೆ. ಹೆಚ್ಚಿನ ಸೌಕರ್ಯಗಳಿಗಾಗಿ ಆ ಗೆರೆ ದಾಟುವುದು ನನಗೆ ಸರಿಕಾಣಲಿಲ್ಲ. ಥರ್ಡ್ ಪಾರ್ಟಿ ವಿಮೆಯಲ್ಲಿ ಟರ್ಬೊಗೇ ಅನುಕೂಲ: ಅದರ ಎಂಜಿನ್ 998 ಸಿಸಿ, ಹಾಗಾಗಿ 2022ರ ದರದಂತೆ ವರ್ಷಕ್ಕೆ 2,094 ರೂಪಾಯಿ, 1,197 ಸಿಸಿಯ ಸಾಮಾನ್ಯ ಕಾರಿಗೆ 3,416.

2024ರ ಜೂನ್‌ನಲ್ಲಿ ಬಂದ ಟಾಟಾ ಆಲ್ಟ್ರೋಜ್ ರೇಸರ್ ಕೂಡ 120 ಪಿಎಸ್, 170 ಎನ್‌ಎಂ ಕೊಡುವ ಕಾರು. ಅದನ್ನು ನಾನು ಓಡಿಸಿಲ್ಲವಾದ್ದರಿಂದ ಹೋಲಿಸಲು ಹೋಗುವುದಿಲ್ಲ. ಹಳೆಯ ಎನ್ ಲೈನ್ ಹುಡುಕುವವರು ಒಂದು ಗಮನಿಸಬೇಕು: 2021ರಲ್ಲಿ ಬಂದದ್ದರಲ್ಲಿ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಗೇರಿತ್ತು, 2023ರಿಂದ ಅದರ ಬದಲು ಆರು ಗೇರಿನ ಮ್ಯಾನ್ಯುವಲ್ ಬಂದಿದೆ. ಘಾಟಿಯ ಏರಿನಲ್ಲಿ ಕ್ಲಚ್ ನನ್ನ ಕಾಲಿನಲ್ಲೇ ಇರಬೇಕೆಂಬುದು ನನ್ನ ಪಟ್ಟು.

ಬುಕ್ಕಿಂಗ್ ಮಾಡಿದ್ದು ಎನ್ ಲೈನ್, ಮ್ಯಾನ್ಯುವಲ್. ಉಳಿದ ಅಳುಕು ಒಂದೇ. ಆಟಿ ತಿಂಗಳ ಮಳೆಗೆ ನಮ್ಮ ಏರಿನ ಮುರಕಲ್ಲು ಪಾಚಿ ಕಟ್ಟುತ್ತದೆ, ಮತ್ತು ಸಹೋದ್ಯೋಗಿಯ ಕಾರು ಅಲ್ಲಿ ಫಸ್ಟ್ ಗೇರಿನಲ್ಲಿ ಮುಂದಿನ ಚಕ್ರಗಳನ್ನು ಎರಡು ಬಾರಿ ಸುಮ್ಮನೆ ತಿರುಗಿಸಿತು. ಕಡಿಮೆ ಟಾರ್ಕಿನ ಭಾವನ ಕಾರು ಅದೇ ಜಾಗದಲ್ಲಿ ತಣ್ಣಗೆ ಹತ್ತಿತ್ತು. ಕಾರು ಬರುವುದರೊಳಗೆ ಏರಿಗೆ ಕಾಂಕ್ರೀಟ್ ಹಾಕಿಸಿ, ಹಸಿ ಇರುವಾಗಲೇ ಅಡ್ಡಡ್ಡ ಗೀರು ಎಳೆಯಬೇಕೆಂದು ಮೇಸ್ತ್ರಿಗೆ ಹೇಳಿದ್ದೇನೆ.