ಜಾಕ್ ಯಾವ ಪೋರ್ಟಿಗೆ ಹೋಗಿದೆ? ಸ್ವಿಚ್ಚನ್ನೇ ಕೇಳಿ

ನಾನು ಒಂದು ಕಾಲೇಜಿನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಹಳೇ ಬ್ಲಾಕಿನ ರ‍್ಯಾಕಿನಲ್ಲಿ 48 ಪೋರ್ಟಿನ ಸ್ವಿಚ್‌ಗಳಿವೆ, ಅಂದರೆ ನೆಟ್‌ವರ್ಕ್ ಕೇಬಲ್‌ಗಳನ್ನು ಒಟ್ಟಿಗೆ ಸೇರಿಸುವ ಪೆಟ್ಟಿಗೆಗಳು. ಗೋಡೆಯ ಜಾಕ್‌ಗಳಿಂದ (ನೆಟ್‌ವರ್ಕ್ ಸಾಕೆಟ್) ಬರುವ ಕೇಬಲ್‌ಗಳು ಇವುಗಳ ಪೋರ್ಟ್‌ಗಳಿಗೆ ಸೇರುತ್ತವೆ. ಲೇಬಲ್‌ಗಳಲ್ಲಿ ಅರ್ಧ ಉದುರಿಹೋಗಿವೆ. ಇಂಥ ಕಡೆ ಒಂದೊಂದೇ ಕೇಬಲ್ ಕಿತ್ತು, ಫೋನಿನಲ್ಲಿ "ಈಗ ಹೋಯ್ತಾ?" ಅಂತ ಕೂಗುವವರೇ ಜಾಸ್ತಿ. ನನಗೆ ಅದು ಸುತರಾಂ ಇಷ್ಟವಿಲ್ಲ. ಆ ಕೇಬಲಿನ ತುದಿಯಲ್ಲಿ ಯಾರೋ ಆನ್‌ಲೈನ್ ಪರೀಕ್ಷೆ ಬರೆಯುತ್ತಿದ್ದರೆ?

ಪೋರ್ಟ್ ನಂಬರ್ ತೋರಿಸುವ ಟೆಸ್ಟರ್‌ಗಳು ಸಿಗುತ್ತವೆ, ಆದರೆ ದುಬಾರಿ. ಈ ಒಂದು ಕೆಲಸಕ್ಕೆ ಹಳೇ ಲ್ಯಾಪ್‌ಟಾಪ್ ಸಾಕು. ಮ್ಯಾನೇಜ್ಡ್ ಸ್ವಿಚ್ (ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್) ತನ್ನ ಹೆಸರನ್ನೂ ಪೋರ್ಟ್ ನಂಬರನ್ನೂ ತಾನೇ ಸಾರುತ್ತಿರುತ್ತದೆ. ಹೀಗೆ ಸಾರುವ ಪದ್ಧತಿ (ಪ್ರೋಟೊಕಾಲ್) ಎಲ್‌ಎಲ್‌ಡಿಪಿ ಆದರೆ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಸಿಸ್ಕೋ ಕಂಪನಿಯದೇ ಆದ ಸಿಡಿಪಿ ಆದರೆ 60 ಸೆಕೆಂಡಿಗೊಮ್ಮೆ. ಲ್ಯಾಪ್‌ಟಾಪನ್ನು ಜಾಕಿಗೆ ಚುಚ್ಚಿ, ವೈರ್‌ಶಾರ್ಕ್ ಎಂಬ, ನೆಟ್‌ವರ್ಕ್ ಸಂದೇಶ ತೋರಿಸುವ ಪ್ರೋಗ್ರಾಮಿನಲ್ಲಿ ಎಲ್‌ಎಲ್‌ಡಿಪಿ ಅಂತ ಫಿಲ್ಟರ್ ಹಾಕಿ, ಒಂದು ನಿಮಿಷ ಕಾಯಿರಿ. ಏನೂ ಬರದಿದ್ದರೆ ಸ್ವಿಚ್ಚಿನಲ್ಲಿ ಎಲ್‌ಎಲ್‌ಡಿಪಿ ಆನ್ ಆಗಿದೆಯೇ ನೋಡಿ. ಸಿಸ್ಕೋ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ನಾವೇ ಆನ್ ಮಾಡಬೇಕು.

ಈಗ ನಾನು ಒಂದು ರಾಸ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಇಟ್ಟುಕೊಂಡಿದ್ದೇನೆ. ಜೊತೆಗೆ ಪವರ್ ಬ್ಯಾಂಕ್, ಎಲ್‌ಎಲ್‌ಡಿಪಿಡಿ ಎಂಬ ಉಚಿತ ಪ್ರೋಗ್ರಾಂ. ಅದಕ್ಕೆ ಸಿಡಿಪಿ ಕೂಡ ಅರ್ಥವಾಗುತ್ತದೆ, ಆ ಆಯ್ಕೆಯನ್ನು ಮೊದಲೇ ಆನ್ ಮಾಡಿರಬೇಕು. ಏಣಿ ಹತ್ತಿ ವೈಫೈ ಆಕ್ಸೆಸ್ ಪಾಯಿಂಟಿನ ಕೇಬಲ್ ನೋಡುವಾಗ ಲ್ಯಾಪ್‌ಟಾಪ್ ಹಿಡಿದುಕೊಳ್ಳುವ ಕಷ್ಟ ಇಲ್ಲ.

ಇನ್ನೊಂದು ಕಡೆಯಿಂದಲೂ ಹುಡುಕಬೇಕಾಗುತ್ತದೆ. ಪ್ರಿಂಟರ್ ಎಲ್ಲೋ ಇದೆ, ಐಪಿ (ನೆಟ್‌ವರ್ಕ್ ವಿಳಾಸ) ಮಾತ್ರ ಗೊತ್ತು. ಮೊದಲು ಗೇಟ್‌ವೇಯಿಂದ (ಆ ನೆಟ್‌ವರ್ಕನ್ನು ಹೊರಗೆ ಜೋಡಿಸುವ ರೂಟರ್) ಅದಕ್ಕೆ ಪಿಂಗ್ ಮಾಡಿ, ಅಂದರೆ ಉತ್ತರ ಕೇಳುವ ಪುಟ್ಟ ಸಂದೇಶ ಕಳಿಸಿ. ಗೇಟ್‌ವೇಯ ಎಆರ್‌ಪಿ ಟೇಬಲ್‌ನಲ್ಲಿ (ಯಾವ ಐಪಿಗೆ ಯಾವ ಮ್ಯಾಕ್ ಎಂಬ ಪಟ್ಟಿ) ಪ್ರಿಂಟರಿನ ಮ್ಯಾಕ್ ಅಡ್ರೆಸ್, ಅಂದರೆ ಯಂತ್ರದ ಸ್ವಂತ ಗುರುತಿನ ಸಂಖ್ಯೆ, ಸಿಗುತ್ತದೆ. ಅದನ್ನು ಸ್ವಿಚ್ಚಿನ ಮ್ಯಾಕ್ ಟೇಬಲ್‌ನಲ್ಲಿ (ಯಾವ ಮ್ಯಾಕ್ ಯಾವ ಪೋರ್ಟಿನಲ್ಲಿ ಎಂಬ ಪಟ್ಟಿ) ಹುಡುಕಿ. ಪಿಂಗ್ ಮಾಡುವುದನ್ನು ತಪ್ಪಿಸಬೇಡಿ. ಬಹಳಷ್ಟು ಸ್ವಿಚ್‌ಗಳು ಸದ್ದಿಲ್ಲದ ಅಡ್ರೆಸ್ಸನ್ನು 300 ಸೆಕೆಂಡಿಗೆ ಮರೆತುಬಿಡುತ್ತವೆ. ನಿದ್ದೆಗೆ ಜಾರಿದ ಪ್ರಿಂಟರ್ ಟೇಬಲ್‌ನಲ್ಲೇ ಇರುವುದಿಲ್ಲ.

ಸಿಕ್ಕ ಪೋರ್ಟಿನ ಮೇಲೆ ಹತ್ತಾರು ಅಡ್ರೆಸ್ ಕಂಡರೆ ಅದು ಮುಂದಿನ ಸ್ವಿಚ್ಚಿಗೆ ಹೋಗುವ ಲಿಂಕ್. ಅಲ್ಲಿಗೆ ಹೋಗಿ ಮತ್ತೆ ಹುಡುಕಿ. ಮೂರ್ನಾಲ್ಕು ಮಾತ್ರ ಇದ್ದರೆ ಯಾವುದೋ ಮೇಜಿನ ಕೆಳಗೆ 5 ಪೋರ್ಟಿನ ಪುಟ್ಟ ಸ್ವಿಚ್ ಇರುವ ಸಾಧ್ಯತೆ ಹೆಚ್ಚು. ಹಳೇ ಕಟ್ಟಡಗಳ ನಿಜವಾದ ತಲೆನೋವು ಇದೇ. ಇಂಥವು ತಮ್ಮ ಹೆಸರು ಹೇಳುವುದಿಲ್ಲ. ನಿಯಮದ ಪ್ರಕಾರ ಎಲ್‌ಎಲ್‌ಡಿಪಿ ಸಂದೇಶವನ್ನು ಇವು ಮುಂದೆ ದಾಟಿಸಬಾರದು, ಆದರೆ ಕೆಲವು ದಾಟಿಸುತ್ತವೆ. ಆಗ ಪೈ ನೇರವಾಗಿ ದೊಡ್ಡ ಸ್ವಿಚ್ಚಿಗೇ ಸೇರಿದೆ ಅಂತ ಅನಿಸುತ್ತದೆ. ಒಂದೇ ಜಾಕಿನಲ್ಲಿ ತಮ್ಮ ಹೆಸರು ಸಾರುವ ಎರಡು ಮೂರು ಸಾಧನಗಳು ಕಂಡರಂತೂ ಮೇಜಿನ ಕೆಳಗೆ ಬಗ್ಗಿ ನೋಡಲೇಬೇಕು.

ಟೋನರ್ (ಕೇಬಲಿಗೆ ಸದ್ದಿನ ಸಂಕೇತ ಬಿಟ್ಟು ಅದರ ಇನ್ನೊಂದು ತುದಿ ಹುಡುಕುವ ಉಪಕರಣ) ಕೂಡ ಬೇಕು, ಸ್ವಿಚ್ಚಿಗೆ ಸೇರಿಸದ ಕೇಬಲ್‌ಗಳಿಗೆ. ಚಾಲೂ ಪೋರ್ಟಿನಲ್ಲಿ ಅಗ್ಗದ ಟೋನರಿನ ಸದ್ದು ಸರಿಯಾಗಿ ಕೇಳಿಸದು. ಪೋರ್ಟಿನ ಲೈಟ್ ಮಿನುಗಿಸುವ ಸೌಲಭ್ಯ ಇರುವುದನ್ನು ಕೊಳ್ಳಿ.

ಪತ್ತೆಯಾದ ತಕ್ಷಣ ಜಾಕಿನ ನಂಬರನ್ನು ಸ್ವಿಚ್ಚಿನಲ್ಲಿ ಆ ಪೋರ್ಟಿನ ಡಿಸ್ಕ್ರಿಪ್ಷನ್ ಆಗಿ ಬರೆದುಬಿಡುತ್ತೇನೆ. ಅನೇಕ ಸ್ವಿಚ್‌ಗಳು ಆ ಡಿಸ್ಕ್ರಿಪ್ಷನ್ನನ್ನೂ ಎಲ್‌ಎಲ್‌ಡಿಪಿಯಲ್ಲಿ ಕಳಿಸುತ್ತವೆ. ಮುಂದೆ ಯಾರು ಅಲ್ಲಿ ಲ್ಯಾಪ್‌ಟಾಪ್ ಚುಚ್ಚಿದರೂ ಜಾಕಿನ ನಂಬರ್ ಪರದೆಯ ಮೇಲೆ ಬರುತ್ತದೆ, ಗೋಡೆಯ ಲೇಬಲ್ ಉದುರಿದ್ದರೂ.